ಹೊಕ್ಕುಳಿನ ಬಲಕ್ಕೆ ನಾಲ್ಕು ಬೆರಳು

ನನ್ನ ಅಕ್ಕ ಪುಸ್ತಕ ಕಟ್ಟುವವಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಸಾಲಾಗಿ ಜೋಡಿಸಿ, ದಾರದಿಂದ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಹೊದಿಸುವ ಕೆಲಸ. ಹದಿನೇಳು ವರ್ಷದಿಂದ ಒಂದೇ ಬೈಂಡಿಂಗ್ ಅಂಗಡಿ, ಕಿಟಕಿ ಪಕ್ಕದ ಅದೇ ಮೇಜು. ಅವಳ ಹೆಬ್ಬೆರಳಿನ ಉಗುರಿನ ಸುತ್ತ ಒಣಗಿದ ಅಂಟಿನ ಪೊರೆ ಸದಾ ಇರುತ್ತದೆ. ಮಾತಾಡುತ್ತ ಮಾತಾಡುತ್ತ ಅದನ್ನು ಸುಲಿಯುತ್ತಿರುತ್ತಾಳೆ.

ಆರು ವರ್ಷದ ಹಿಂದೆ ಅವಳ ಅಪೆಂಡಿಕ್ಸ್ ಒಡೆದು ಒಳಗೆಲ್ಲ ಕೀವಾಯಿತು. ಹೊಟ್ಟೆ ಕೊಯ್ದು, ತೊಳೆದು, ಹೊಲಿದರು. ಉಳಿದಳಲ್ಲ, ಅಷ್ಟು ಸಾಕು ಎಂದುಕೊಂಡೆವು. ಗಾಯ ಚೆನ್ನಾಗಿಯೇ ಮಾಯಿತು. ಆದರೆ ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ದಾರ ಹಿಡಿದು ಜಗ್ಗಿದಂಥ ನೋವು ಶುರುವಾಯಿತು. ಕಾಗದದ ಕಟ್ಟು ಎತ್ತಿದರೆ ನೋವು, ಮೇಲಿನ ಕಪಾಟಿಗೆ ಕೈ ಚಾಚಿದರೆ ನೋವು, ಹೊಟ್ಟೆ ತುಂಬ ಉಂಡರಂತೂ ಕೇಳುವುದೇ ಬೇಡ.

ಐದು ವರ್ಷದಲ್ಲಿ ನಾಲ್ಕು ಡಾಕ್ಟರುಗಳು, ಮೂರು ಸ್ಕ್ಯಾನು. ಎಲ್ಲದರಲ್ಲೂ 'ನಾರ್ಮಲ್'. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ನಾಲ್ಕನೆಯವರು, "ನಿಮಗೆ ಮನೇಲಿ ಏನಾದ್ರೂ ಬೇಜಾರಿದೆಯಾ?" ಎಂದು ಕೇಳಿದರು. ಆ ಮಾತು ಭಾವನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಭಾವ ಲಿಫ್ಟ್ ರಿಪೇರಿ ಮಾಡುವವರು, ಕೆಟ್ಟವರಲ್ಲ. ಆದರೆ ಅಂದಿನಿಂದ ಅಕ್ಕ ಹೊಟ್ಟೆ ಹಿಡಿದುಕೊಂಡಾಗೆಲ್ಲ, "ಮತ್ತೆ ಶುರುವಾಯ್ತಾ?" ಎಂದು ಟಿವಿ ಕಡೆ ತಿರುಗಿಬಿಡುತ್ತಿದ್ದರು.

ನನ್ನ ಮನೆ ಅಂಗಡಿಯಿಂದ ಎರಡು ಬೀದಿ ಆಚೆ. ನನಗೆ ಹೆರಿಗೆಯಾದ ಮೇಲೆ ಅಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು, ನನ್ನನ್ನು ಸ್ನಾನಕ್ಕೆ ಓಡಿಸುತ್ತಿದ್ದಳು. ಒಂದು ದಿನ ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಮಗುವನ್ನು ಚಾಪೆಯ ಮೇಲೆ ಬಿಟ್ಟು, ತಾನೂ ಪಕ್ಕದಲ್ಲಿ ಮಂಡಿ ಮಡಚಿ ಮುದುರಿ ಮಲಗಿದ್ದಳು. ಹಣೆಯಲ್ಲಿ ಬೆವರು.

"ಹಾಸ್ಪಿಟಲ್‌ಗೆ ಹೋಗೋಣ ಏಳು."

"ಬೇಡ ಕಣೆ. ಹೋಗಿ ನಾರ್ಮಲ್ ಅನ್ನಿಸ್ಕೊಂಡು ಬರೋದಕ್ಕಾ?" ಆಮೇಲೆ ಮಗುವಿನ ಪಾದ ಸವರುತ್ತ ಮೆಲ್ಲಗೆ ಅಂದಳು: "ನನಗೇ ಅನುಮಾನ ಬರ್ತಿದೆ. ಇಷ್ಟು ಜನ ಇಲ್ಲ ಅಂತಾರೆ ಅಂದ್ರೆ, ಬಹುಶಃ ನಾನೇ ಸುಳ್ಳು ಹೇಳ್ತಿದೀನೇನೋ."

ನೋವಿಗಿಂತ ಈ ಮಾತು ನನ್ನನ್ನು ಹೆದರಿಸಿತು.

ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ನೋವಿದ್ದ ದಿನ ಅವಳಿಗೆ ಬಸ್ ಹತ್ತಲೇ ಆಗುತ್ತಿರಲಿಲ್ಲ. ಹಾಗಾಗಿ ಡಾಕ್ಟರ ಬಳಿ ಹೋಗುತ್ತಿದ್ದದ್ದು ಆರಾಮಾಗಿದ್ದ ದಿನ, ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು. 'ಹೇಗಿದೀರಿ' ಎಂದು ಅವರು ಕೇಳಿದರೆ, 'ಪರವಾಗಿಲ್ಲ, ನೀವು ಹೇಗಿದೀರಿ' ಎನ್ನುವ ಜಾತಿ ಅವಳದು. ಡಾಕ್ಟರಿಗೆ ಪಾಪ ಕಾಣುವುದಾದರೂ ಏನು?

ಹೀಗಾಗಿ ಬರೆಯತೊಡಗಿದೆ. ನನಗೆ ಬರೆಯುವ ಹುಚ್ಚು ಮೊದಲಿಂದಲೂ ಇದೆ. ಮಗು ಹುಟ್ಟಿದ ಮೇಲೆ ಯಾವಾಗ ಹಾಲು, ಯಾವಾಗ ನಿದ್ದೆ, ಎಷ್ಟು ಸಲ ಒದ್ದೆ ಎಂದು ಅಕ್ಕನೇ ಕಟ್ಟಿಕೊಟ್ಟ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಅದನ್ನೇ ತಿರುಗಿಸಿ ಹಿಂದಿನಿಂದ ಅಕ್ಕನ ಲೆಕ್ಕ ಶುರು ಮಾಡಿದೆ: ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ, ಏನು ತಿಂದ ಮೇಲೆ, ಹೇಗೆ ಮಲಗಿದರೆ ಕಡಿಮೆ. ಐದು ವಾರ ಬರೆದೆ. "ನಿನಗೆ ಇಬ್ಬರು ಮಕ್ಕಳಾದ್ವಲ್ಲೇ," ಎಂದು ಅಕ್ಕ ರೇಗಿಸುತ್ತಿದ್ದಳು. ಇದೊಂದೇ ಸಲ, ಇನ್ನು ಯಾವ ಡಾಕ್ಟರ ಮೆಟ್ಟಿಲೂ ಹತ್ತುವುದಿಲ್ಲ ಎಂಬ ಕರಾರಿನ ಮೇಲೆ ಐದನೆಯವರ ಬಳಿ ಬರಲು ಒಪ್ಪಿದಳು.

ಐದನೆಯವರು ಸರ್ಜನ್, ಐವತ್ತು ದಾಟಿದ ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ. ನಾನು ನೋಟ್‌ಬುಕ್ ಮೇಜಿನ ಮೇಲಿಟ್ಟು, "ಎಲ್ಲ ಇದರಲ್ಲಿದೆ ಮೇಡಂ," ಎಂದೆ. ಮಗು ತೊಡೆಯ ಮೇಲೆ ಒದ್ದಾಡುತ್ತಿದ್ದುದರಿಂದ ನನ್ನ ಗಮನವೆಲ್ಲ ಅದರ ಮೇಲೆ. ಅವರು ತೆರೆದು ಓದಿದರು. ಹುಬ್ಬು ಮೇಲೇರಿತು.

"ಎರಡು ಗಂಟೆಗೊಮ್ಮೆ ಹಾಲು. ಬೇರೆ ಏನೂ ತಗೊಳ್ಳಲ್ವಾ?"

"ಇಲ್ಲ ಮೇಡಂ, ಹಾಲು ಮಾತ್ರ," ಎಂದೆ.

"ಕುಡಿದ ಮೇಲೆ ವಾಂತಿ, ಹೆಗಲ ಮೇಲೆ. ಯಾರ ಹೆಗಲು?"

"ನಂದೇ."

ಸರ್ಜನ್ ಕನ್ನಡಕದ ಮೇಲಿಂದ ಒಮ್ಮೆ ಮೂವತ್ತೆಂಟು ವರ್ಷದ ನನ್ನ ಅಕ್ಕನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. "ಕಾಲ್ಬೆರಳು ಬಾಯಲ್ಲಿಟ್ಟುಕೊಂಡು ಅರ್ಧ ಗಂಟೆ ಒಬ್ಬಳೇ ಆಡಿದಳು. ಇದು... ಯಾವಾಗಿಂದ?"

ಅಕ್ಕ ನಕ್ಕಳು ನೋಡಿ! ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಗಲಿಲ್ಲ, ಇನ್ನೂ ಜೋರಾಯಿತು. ನಗುನಗುತ್ತಲೇ ತಟ್ಟನೆ ಮುಂದಕ್ಕೆ ಬಾಗಿದಳು. ಮುಖ ಬಿಳಿಚಿತು. "ಅಯ್ಯೋ, ನಗಿಸ್ಬೇಡಿ ಮೇಡಂ... ಜಗ್ಗುತ್ತೆ."

ಸರ್ಜನ್ ಎದ್ದು ಮೇಜು ಬಳಸಿ ಬಂದರು. "ಎಲ್ಲಿ ಜಗ್ಗುತ್ತೆ? ಈಗಲೇ ತೋರಿಸಿ. ಒಂದೇ ಬೆರಳಲ್ಲಿ."

ಅಕ್ಕ ಬೆರಳಿಟ್ಟಳು. ಹೊಕ್ಕುಳಿನಿಂದ ಬಲಕ್ಕೆ ನಾಲ್ಕು ಬೆರಳು, ಹಳೇ ಗಾಯದ ಪಕ್ಕದಲ್ಲೇ. ಅವರು ಮಂಚದ ಮೇಲೆ ಮಲಗಿಸಿ ಅಲ್ಲೇ ಒತ್ತಿ ನೋಡಿದರು, ಕಾಲು ಎತ್ತಿಸಿದರು, ಕೈ ಮೇಲೆ ಮಾಡಿಸಿದರು. ಆಮೇಲೆ ನೋಟ್‌ಬುಕ್ ತಿರುಗಿಸಿ, ಅಕ್ಕನ ಐದು ವಾರವನ್ನು ಒಂದು ಸಾಲೂ ಬಿಡದೆ ಓದಿದರು. ಆ ಹತ್ತು ನಿಮಿಷ ಅಕ್ಕ ಹೆಬ್ಬೆರಳಿನ ಅಂಟು ಸುಲಿಯುತ್ತಿದ್ದಳು.

"ಆಪರೇಷನ್ ಆದ ಮೇಲೆ, ಅದರಲ್ಲೂ ಕೀವಾಗಿದ್ರೆ, ಒಳಗೆ ಕರುಳು ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತೆ. ಎಷ್ಟೋ ಜನರಿಗೆ ಗೊತ್ತೇ ಆಗಲ್ಲ, ಕೆಲವರಿಗೆ ಹೀಗೆ ಜಗ್ಗುತ್ತೆ. ಸ್ಕ್ಯಾನಲ್ಲಿ ಸಾಮಾನ್ಯವಾಗಿ ಕಾಣಲ್ಲ. ನಿಮ್ಮದು ಅದೇ ಅಂತ ನನಗನಿಸುತ್ತೆ. ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ."

ಅಕ್ಕ ಅಳಲಿಲ್ಲ. ಪುಸ್ತಕ ಕಟ್ಟುವವಳ ಪ್ರಶ್ನೆ ಕೇಳಿದಳು: "ಬಿಡಿಸೋಕಾಗಲ್ವಾ ಮೇಡಂ?"

"ಬಿಡಿಸಬಹುದು. ಆದ್ರೆ ಮತ್ತೆ ಕೊಯ್ದ ಜಾಗದಲ್ಲಿ ಮತ್ತೆ ಅಂಟಬಹುದು."

"ಗೊತ್ತಾಯ್ತು ಬಿಡಿ. ಅಂಟಿದ ಹಾಳೆ ಎಳೆದ್ರೆ ಅಕ್ಷರಾನೂ ಕಿತ್ತು ಬರುತ್ತೆ."

ಸರ್ಜನ್ ಮೊದಲ ಸಲ ನಕ್ಕರು. ಸದ್ಯಕ್ಕೆ ಕೊಯ್ಯುವುದು ಬೇಡವೆಂದು ತೀರ್ಮಾನವಾಯಿತು. ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ನೋವಿಗೆ ಮಾತ್ರೆ. ವಾರಕ್ಕೆರಡು ಸಲ ಫಿಸಿಯೋಥೆರಪಿ. ಭಾರ ಎತ್ತಿಸಬೇಡಿ ಎಂದು ಅಂಗಡಿ ಯಜಮಾನರಿಗೆ ಒಂದು ಪತ್ರ. ಮತ್ತೆ ಒಂದು ಎಚ್ಚರಿಕೆ: ಹೊಟ್ಟೆ ಕಲ್ಲಿನಂತೆ ಉಬ್ಬಿ, ವಾಂತಿ ನಿಲ್ಲದೆ, ಗಾಳಿಯೂ ಹೋಗದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಬರಬೇಕು. ಅದನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಇಂಥ ನೋವಿನವರು ಗುರುವಾರ ಕೆಳಗಿನ ರೂಮಿನಲ್ಲಿ ಸೇರುತ್ತಾರೆ, ಬನ್ನಿ ಎಂದೂ ಹೇಳಿ ಕಳಿಸಿದರು.

ಸಂಜೆ ಭಾವನ ಎದುರು ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎಲ್ಲ ಹೇಳಿದಳು. ಅವರು ಕೇಳಿ, "ಸ್ಕ್ಯಾನಲ್ಲಿ ಇಲ್ವಲ್ಲ, ಅವರಿಗೆ ಹೇಗೆ ಗೊತ್ತಾಯ್ತು?" ಎಂದರು.

"ರೀ, ಲಿಫ್ಟ್ ನಿಲ್ತಿದೆ ಅಂತ ಕರೀತಾರೆ. ನೀವು ಹೋದಾಗ ನೆಟ್ಟಗೆ ಓಡುತ್ತೆ. ಸುಳ್ಳು ಹೇಳಿದ್ರು ಅಂತ ವಾಪಸ್ ಬರ್ತೀರಾ?"

"ಅದ್ಹೇಗೆ ಬರೋಕಾಗುತ್ತೆ? ಯಾವಾಗ ನಿಲ್ಲುತ್ತೆ, ಎಷ್ಟು ಜನ ಹತ್ತಿದಾಗ ನಿಲ್ಲುತ್ತೆ ಅಂತ ಕೇಳಿ..." ಭಾವ ಮಾತು ಅರ್ಧಕ್ಕೇ ನಿಲ್ಲಿಸಿದರು. ಎದ್ದು ಹೋಗಿ ಮೇಲಿನ ಕಪಾಟಿನಲ್ಲಿದ್ದ ಭಾರದ ಪಾತ್ರೆಗಳನ್ನೆಲ್ಲ ಕೆಳಗೆ ಇಳಿಸತೊಡಗಿದರು. ಜೋಡಿಸಿದ್ದು ಅಡ್ಡಾದಿಡ್ಡಿ. ಅಕ್ಕ ಅವರನ್ನು ತಡೆಯಲಿಲ್ಲ.

ಇದಾಗಿ ಏಳು ತಿಂಗಳು. ಅಕ್ಕ ಈಗ ಕಟ್ಟು ಎತ್ತುವುದಿಲ್ಲ, ಎತ್ತರದ ಸ್ಟೂಲಿನಲ್ಲಿ ಕೂತು ಹೊಲಿಯುವುದಷ್ಟೇ. ಗುರುವಾರ ತಪ್ಪಿಸುವುದಿಲ್ಲ. ಅಲ್ಲಿ ಒಂಬತ್ತು ಜನ ಇದ್ದಾರಂತೆ, "ಎಲ್ಲರ ಹೊಟ್ಟೆ ಮೇಲೂ ಹೊಲಿಗೆ, ನನ್ನಷ್ಟು ನೀಟಾಗಿ ಯಾರೂ ಹಾಕಿಲ್ಲ," ಎನ್ನುತ್ತಾಳೆ. ನೋವು ಹೋಗಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ದಿನ ಇದ್ದದ್ದು ನಾಲ್ಕೈದಕ್ಕೆ ಇಳಿದಿದೆ.

ಇವತ್ತು ಮಧ್ಯಾಹ್ನ ಅವಳು ಬರಲಿಲ್ಲ. ಫೋನ್ ಮಾಡಿದೆ. ಎತ್ತಿದ್ದು ಭಾವ.

"ಅವಳಿಗೆ ಇವತ್ತು ನೋವಿದೆಯಮ್ಮ, ಮಲಗಿದಾಳೆ," ಎಂದರು, ಮಳೆ ಬರುತ್ತಿದೆ ಎಂದಷ್ಟೇ ಸಹಜವಾಗಿ. "ವಾಂತಿ ಗೀಂತಿ ಇಲ್ಲ, ಹೊಟ್ಟೆ ಮೆತ್ತಗಿದೆ, ಕೇಳಿದೀನಿ. ನಾನು ರಜಾ ಹಾಕಿದೀನಿ. ಆಮೇಲೆ ಮಾಡು."

ಹಿಂದಿನಿಂದ ಅಕ್ಕನ ದನಿ ಕೇಳಿತು: "ಯಾರ್ರೀ ಅದು? ಸ್ನಾನ ಆಯ್ತಾ ಕೇಳಿ ಅವಳಿಗೆ!"

ಆಗಿರಲಿಲ್ಲ. ಆಯಿತು ಎಂದು ಹೇಳಿ ಫೋನಿಟ್ಟೆ.