ಅಮೋನಿಯದ ಮೇಷ್ಟ್ರು

ಹಾಸನದ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ರಸಾಯನಶಾಸ್ತ್ರ ಹೇಳುವ ಪಂಚಾಕ್ಷರಯ್ಯ ಮೇಷ್ಟ್ರ ಕೋಟಿನ ಜೇಬಿನಲ್ಲಿ ಸದಾ ಕೆರೆಯ ಜೇಡಿಮಣ್ಣು, ಪೊರಕೆಕಡ್ಡಿ ಇರುತ್ತವೆ. ಪರಮಾಣುವಿನ ಹೊರಸುತ್ತಿನ ಎಲೆಕ್ಟ್ರಾನುಗಳನ್ನು ಅವರು ಕೈ ಎಂದೇ ಕರೆಯುವುದು; ಮಣ್ಣಿನ ಉಂಡೆ ಪರಮಾಣು, ಅದಕ್ಕೆ ಚುಚ್ಚಿದ ಕಡ್ಡಿ ಅದರ ಕೈ. ಇಂಗಾಲದ ಉಂಡೆಗೆ ಯಾರಾದರೂ ಐದನೆಯ ಕಡ್ಡಿ ಚುಚ್ಚಿದರೆ ತಮ್ಮ ಮೈಗೇ ಚುಚ್ಚಿದಂತೆ ಮುಖ ಹಿಂಡಿ, ‘ಇರೋದೇ ನಾಲ್ಕು ಕೈ ಕಣಪ್ಪ, ಐದನೇದು ಯಾರ ಮನೇದು ತಂದೆ?’ ಎನ್ನುತ್ತಾರೆ. ಮದುವೆಮನೆಯಲ್ಲಿ ಬಡಿಸಲು ಬಂದವರಿಗೂ ‘ಕೈಯೆಲ್ಲ ಭರ್ತಿ’ ಎಂದೇ ಉತ್ತರ; ಅಷ್ಟರಲ್ಲಿ ಎಲೆಯ ಮೇಲಿನ ಲಾಡು ನಾಲ್ಕು ಕಡ್ಡಿ ಚುಚ್ಚಿಸಿಕೊಂಡು ಮೀಥೇನ್ ಆಗಿರುತ್ತದೆ. ಅವರ ಮುದ್ದಿನ ಪಾಠವೆಂದರೆ ಅಮೋನಿಯ. ‘ನೈಟ್ರೋಜನ್‌ಗೆ ಐದು ಕೈ. ಮೂರು ಕೈ ಮೂರು ಹೈಡ್ರೋಜನ್ನ ಹಿಡಿದವೆ. ಮಿಕ್ಕಿದ್ದೆರಡು ಒಂದನ್ನೊಂದು ಹಿಡ್ಕಂಡು ಮೇಲೆ ಕೂತವೆ. ಮಣ್ಣಲ್ಲಿ ಮಾಡಿದ್ರೆ ಕಾಣಲ್ಲ, ಆದ್ರೂ ಅವಕ್ಕೆ ಜಾಗ ಬೇಕು. ಅದಕ್ಕೇ ಮೂರು ಕಡ್ಡೀನೂ ಕೆಳಕ್ಕೆ ಬಾಗಿರೋದು’ ಎನ್ನುವಾಗ ಅವರ ದನಿ ಮೆತ್ತಗಾಗುತ್ತದೆ. ಹೊಳೆನರಸೀಪುರದಿಂದ ಬರುವ ಬೆಳಗಿನ ಬಸ್ಸಿನಲ್ಲಿ ಅವರು ಇಬ್ಬರ ಸೀಟಿನ ಅಂಚಿನಲ್ಲಿ, ಅರ್ಧ ಮೈ ಓಡಾಡುವ ದಾರಿಗೆ ಚಾಚಿ ಕೂರುತ್ತಾರೆ. ಹಾಸನದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದ ಹೆಂಡತಿ ನೀಲಾಂಬಿಕೆ, ತೀರಿಕೊಳ್ಳುವವರೆಗೂ ಅದೇ ಸೀಟಿನ ಕಿಟಕಿ ಪಕ್ಕ ಕೂತು ಅವರೊಡನೆ ಬರುತ್ತಿದ್ದರು. ಮೊನ್ನೆ ಬಸ್ಸಿಗೆ ಹತ್ತಿದ ಹೊಸಬನೊಬ್ಬ, ‘ಒಸಿ ಒಳಕ್ಕೆ ಸರ್ಕಳಿ ಸಾ, ಕಿಟಕಿ ತಾವ ಖಾಲಿ ಐತಲ್ಲ’ ಅಂದ. ‘ಅಲ್ಲಿ ಬ್ಯಾಡ, ಹಿಂದಕ್ಕೆ ಬಾರಣ್ಣ’ ಎಂದು ಕಂಡಕ್ಟರ್ ಬೋರಪ್ಪ ಅವನನ್ನು ಕರೆದ. ಮೇಷ್ಟ್ರು ಇನ್ನೊಂದಿಷ್ಟು ಅಂಚಿಗೆ ಸರಿದು ಕೂತರು.