ನೆಗ್ಗಿಲು ಹಬ್ಬಿದ ಗುಡ್ಡೆ

ಮಾರಕ್ಕನ ಗಂಡ ದಾಸಪ್ಪ ಸತ್ತನೆಂದು ಯಾವ ಕಾಗದದಲ್ಲೂ ಬರೆದಿಲ್ಲ. ಪೊಲೀಸರ ಪ್ರಕಾರ ಅವನು ಕಾಣೆಯಾದವನು. ಆದರೆ ಅವನೆಲ್ಲಿದ್ದಾನೆಂದು ನಮ್ಮ ಹಟ್ಟಿಯ ಸಣ್ಣ ಮಕ್ಕಳಿಗೂ ಗೊತ್ತು. ಊರಿನ ಪೂರ್ವಕ್ಕೆ ಕಲ್ಲು ಕ್ವಾರಿಯವರು ಹದಿನೈದು ವರ್ಷ ಒಡೆದು ಬಿಸಾಡಿದ ಕಲ್ಲುಚೂರು, ಮಣ್ಣು ಸೇರಿ ಒಂದು ದೊಡ್ಡ ಗುಡ್ಡೆ ಎದ್ದಿದೆ. ಅದರ ಬುಡದಲ್ಲಿದ್ದಾನೆ.

ಧರ್ಮಪುರಿಯಿಂದ ಮೊರಪ್ಪೂರಿಗೆ ಹೋಗುವ ಬಸ್ಸು ಇಳಿದು ಎರಡು ಮೈಲಿ ನಡೆದರೆ ನಮ್ಮ ಹಟ್ಟಿ. ಕುರಿ ಸಾಕುವವರ ಊರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಇಲ್ಲಿನ ಶಾಲೆಯಲ್ಲಿ ಮೂವತ್ತು ವರ್ಷ ತಮಿಳಿನಲ್ಲಿ ಪಾಠ ಹೇಳಿದವನು. ಹಾಗಾಗಿ ಎಲ್ಲರಿಗೂ ನಾನು ವಾದ್ಯಾರು. ಊರವರ ಅರ್ಜಿ ಬರೆಯುವ ಕೆಲಸವೂ ನನ್ನದೇ. ಮಾರಕ್ಕನ ಅರ್ಜಿಗಳನ್ನು ಬರೆದವನೂ ನಾನು. ಅವಳನ್ನು ಆ ಗುಡ್ಡೆಯ ಕೆಲಸಕ್ಕೆ ಹೋಗೆಂದವನೂ ನಾನು.

ಕ್ವಾರಿ ಬರುವ ಮೊದಲು ಆ ಜಾಗ ಮೇವಿನ ಬಯಲು. ದಾಸಪ್ಪನಿಗೆ ಅರವತ್ತು ಕುರಿಗಳಿದ್ದವು. ಬಯಲಿಗೆ ಬೇಲಿ ಬಿದ್ದ ಮೇಲೆ ಕುರಿ ಕಡಿಮೆಯಾಗುತ್ತ ಬಂದು, ಕೊನೆಗೆ ಅವನೂ ಅದೇ ಕ್ವಾರಿಯಲ್ಲಿ ಕೆಲಸಕ್ಕೆ ಸೇರಿದ. ಹಳ್ಳದಂತೆ ಆಳಕ್ಕಿಳಿದ ಕ್ವಾರಿಯಲ್ಲಿ ಮಳೆನೀರು ನಿಂತರೆ ಮೋಟಾರು ಹಾಕಿ ಹೊರಕ್ಕೆ ಎತ್ತುವುದು ಅವನ ಕೆಲಸ. ಮೋಟಾರಿನ ತಗಡಿನ ಶೆಡ್ಡು ಗುಡ್ಡೆಯ ಬುಡದಲ್ಲಿತ್ತು.

೨೦೨೧ರ ನವೆಂಬರಿನಲ್ಲಿ ಐದು ದಿನ ಬಿಡದೆ ಮಳೆ ಹೊಡೆಯಿತು. ಆರನೆಯ ದಿನ ಬೆಳಗ್ಗೆ ಆರೂವರೆಗೆ ಕ್ವಾರಿಯಿಂದ ದಾಸಪ್ಪನಿಗೆ ಫೋನು ಬಂತು. ಚಹಾ ಕುಡಿದು, ತಲೆಗೆ ಗೋಣಿ ಹೊದ್ದು ಹೋದ. ಏಳೂಕಾಲಿಗೆ ಗುಡ್ಡೆಯ ಒಂದು ಪಕ್ಕ ಕುಸಿಯಿತು. ಸದ್ದು ನಮ್ಮ ಮನೆಗೇ ಕೇಳಿಸಿತು. ಕ್ವಾರಿಯಲ್ಲಿ ಸಿಡಿಮದ್ದು ಇಟ್ಟರೆಂದುಕೊಂಡು ನಾನು ಕೂತಲ್ಲೇ ಕೂತಿದ್ದೆ.

ಮೂರು ದಿನ ಜೆಸಿಬಿಯಲ್ಲಿ ತೋಡಿದರು. ಶೆಡ್ಡಿನ ಮಡಚಿದ ತಗಡು ಸಿಕ್ಕಿತು. ಕಂಬಕ್ಕೆ ಕಟ್ಟಿದ್ದ ಅವನ ಟವಲು ಸಿಕ್ಕಿತು. ಅಷ್ಟರಲ್ಲಿ ಮತ್ತೆ ಮಳೆ, ಮತ್ತೆ ಕುಸಿತ. ತೋಡುವುದನ್ನು ನಿಲ್ಲಿಸಿದರು. ಕ್ವಾರಿಯವರು ಹಾಜರಿ ಪುಸ್ತಕ ತೆರೆದು ತೋರಿಸಿದರು. ಆವತ್ತು ಅವನ ಸಹಿ ಇರಲಿಲ್ಲ. ಇರುವುದಾದರೂ ಹೇಗೆ, ಆಫೀಸಿನ ಬಾಗಿಲು ತೆರೆಯುವುದೇ ಎಂಟಕ್ಕೆ. ಅವನು ನೇರ ಮೋಟಾರಿನ ಹತ್ತಿರ ಹೋಗಿದ್ದ. ಟವಲು ಹಿಂದಿನ ದಿನ ಬಿಟ್ಟುಹೋಗಿದ್ದಿರಬಹುದು ಎಂದರು. ಆಸಾಮಿ ಎಲ್ಲಾದರೂ ಹೊರಟುಹೋಗಿರಬಹುದು ಎಂದರು. ಹೆಣ ಸಿಗದಿದ್ದರೆ ಏಳು ವರ್ಷ ಕಾಯಬೇಕು, ಆಮೇಲೆಯೇ ಸತ್ತನೆಂದು ಕಾಗದ ಎಂದು ಠಾಣೆಯಲ್ಲಿ ಹೇಳಿದರು.

ಆಗ ಮಾರಕ್ಕನಿಗೆ ನಲವತ್ತಮೂರು. ಮಗಳು ಕಾರ್ತಿಕಾ ಹನ್ನೆರಡನೇ ತರಗತಿಯಲ್ಲಿದ್ದಳು. ಮನೆಯಲ್ಲಿ ಅತ್ತೆ ಮುತ್ಯಾಲಮ್ಮ. ಊರ ಹಿರಿಯರು ಬಂದು ಹಾಲು ತುಪ್ಪ ಬಿಟ್ಟು ತಿಥಿ ಮಾಡಿ ಮುಗಿಸೋಣವೆಂದರೆ ಆ ಮುದುಕಿ ಒಪ್ಪಲಿಲ್ಲ.

"ಎಲುಬು ಕಾಣ್ದೆ ಆಲು ತುಪ್ಪ ಯಾರ್ಗೆ ಬಿಡ್ಲಿ? ಕಲ್ಗಾ?" ಎಂದಳು.

ಹಾಗಾಗಿ ಮಾರಕ್ಕನ ಕೊರಳಲ್ಲಿ ತಾಳಿ ಹಾಗೇ ಉಳಿಯಿತು. ಅವಳು ಕುಂಕುಮ ಇಟ್ಟರೆ ಬೀದಿಯ ಹೆಂಗಸರು ಮುಖ ತಿರುಗಿಸುತ್ತಿದ್ದರು. ಇಡದಿದ್ದರೆ ಅತ್ತೆ ಅಳುತ್ತಿದ್ದಳು. ಮದುವೆ ಮನೆಗೆ ಕರೆಯುವವರಿಲ್ಲ, ಸಾವಿನ ಮನೆಯಲ್ಲೂ ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮತ್ತೆ ತೋಡಿಸಿಕೊಡಿ ಎಂದು ಅವಳ ಹೆಸರಿನಲ್ಲಿ ನಾನು ನಾಲ್ಕು ಅರ್ಜಿ ಬರೆದೆ. ಪ್ರತಿ ಸಲವೂ ಅವಳೇ ಬಸ್ಸಿನಲ್ಲಿ ಧರ್ಮಪುರಿಗೆ ಹೋಗಿ, ಕಲೆಕ್ಟರ್ ಕಚೇರಿಯಲ್ಲಿ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬರುತ್ತಿದ್ದಳು.

೨೦೨೨ರಲ್ಲಿ ಕ್ವಾರಿಗೆ ಬೇರೊಂದು ತೊಂದರೆ ಬಂತು. ಗುಡ್ಡೆಯ ಧೂಳು ಸುತ್ತಲಿನ ಊರುಗಳಿಗೆ ಹಾರುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಗುಡ್ಡೆಯ ಮೇಲೆ ಹಸಿರು ಬೆಳೆಸಬೇಕು, ಇಲ್ಲದಿದ್ದರೆ ಪರವಾನಗಿ ಇಲ್ಲವೆಂದು ಆದೇಶವಾಯಿತು. ಲಾರಿಯಲ್ಲಿ ಸಸಿ ತಂದು ನೆಟ್ಟರು, ಒಣಗಿದವು. ಹುಲ್ಲಿನ ಬೀಜ ಎರಚಿದರು, ಗಾಳಿಗೆ ಹೋಯಿತು. ಮೇಲ್ವಿಚಾರಕ ರಘುನಾಥ ಹೊಸೂರಿನ ಕಡೆಯವನು, ಕನ್ನಡ ಬಲ್ಲವನು. ಅವನು ನಮ್ಮ ಹಟ್ಟಿಗೆ ಬಂದು ಕೂಲಿಗೆ ಹೆಂಗಸರು ಬೇಕೆಂದ.

ಮಾರಕ್ಕ ನನ್ನ ಹತ್ತಿರ ಬಂದಳು. "ವಾದ್ಯಾರೇ, ನಾನು ಓಗ್ಲಾ? ಗಂಡನ್ನ ತಿಂದ ಜಾಗ್ದಾಗೆ ಕೂಲಿ ಮಾಡ್ತಾಳೆ ಅಂತಾರೆ ಜನ."

"ಓಗವ್ವ. ಒಳ್ಗಿದ್ರೆ ಅವ್ರು ಅಲ್ಲೇನ್ ಮಾಡ್ತಾರೆ ಅನ್ನೋದಾದ್ರೂ ಕಣ್ಗೆ ಬೀಳ್ತದೆ" ಎಂದೆ.

ಅವಳು ಹೋದಳು. ಮೊದಲ ದಿನವೇ ಗುಡ್ಡೆಯನ್ನೆಲ್ಲ ಸುತ್ತಿ ನೋಡಿ ರಘುನಾಥನಿಗೆ ಹೇಳಿದಳಂತೆ, "ಸಾರ್, ಈ ಮಣ್ಗೆ ಮರ ಬರಕಿಲ್ಲ. ನೆಗ್ಗಿಲು ಬರ್ತದೆ. ನೆಲ್ದಾಗೆ ಒರಗ್ಕೊಂಡು ಬೆಳಿಯೋದೇ ಇಲ್ಲಿ ನಿಲ್ಲೋದು."

ನೆಗ್ಗಿಲನ್ನು ತಮಿಳರು ನೆರಿಂಜಿ ಎನ್ನುತ್ತಾರೆ. ಬಯಲಿನಲ್ಲಿ ಅದಾಗಿಯೇ ಹುಟ್ಟಿ, ನಾಲ್ಕೂ ಕಡೆಗೆ ಬಳ್ಳಿ ಚಾಚಿ ನೆಲಕ್ಕಂಟಿ ಹಬ್ಬುವ ಗಿಡ. ಪುಟ್ಟ ಹಳದಿ ಹೂ, ಆಮೇಲೆ ಮುಳ್ಳಿನ ಕಾಯಿ. ಒಂದು ಮಳೆಗಾಲಕ್ಕೆ ಹುಟ್ಟಿ ಆ ವರ್ಷವೇ ಒಣಗುತ್ತದೆ. ಕುರಿ ಕಾಯುವವರಿಗೆ ಅದು ಶತ್ರು. ಎಳೆಯದನ್ನು ಹೆಚ್ಚು ಮೇಯ್ದ ಕುರಿಯ ಮುಖ ಊದುತ್ತದೆ, ಕಾಯಿ ಗೊರಸಿನ ಸಂದಿಗೆ ಚುಚ್ಚುತ್ತದೆ. ಹುಡುಗಿಯಾಗಿದ್ದಾಗ ಕುರಿಗಳ ಕಾಲಿನಿಂದ ನೆಗ್ಗಿಲು ಮುಳ್ಳು ಕೀಳುವುದೇ ಮಾರಕ್ಕನ ಕೆಲಸವಾಗಿತ್ತು. ಎಲ್ಲಿ ಬೆಳೆಯುತ್ತದೆ, ಯಾವಾಗ ಬಲಿಯುತ್ತದೆ, ಅವಳಿಗೆ ತಿಳಿಯದ್ದಿಲ್ಲ.

೨೦೨೩ರ ಮಾರ್ಚಿನಲ್ಲಿ ಅವಳು ಬೀಜ ಕೂಡಿಸಿದ ಬಗೆ ನಾನೇ ನೋಡಿದೆ. ಹಳೇ ಗೋಣಿಚೀಲಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಒಣಗಿದ ಬಯಲಿನಲ್ಲಿ ಎಳೆಯುತ್ತ ನಡೆದಳು. ನೆಲದಲ್ಲಿ ಉದುರಿದ್ದ ಮುಳ್ಳುಕಾಯಿಗಳೆಲ್ಲ ಗೋಣಿಗೆ ಕಚ್ಚಿಕೊಂಡವು. ಮನೆಗೆ ತಂದು ಒರಳಿಗೆ ಹಾಕಿ, ಒನಕೆಯಿಂದ ಮೆತ್ತಗೆ ಕುಟ್ಟಿ, ಒಂದೊಂದು ಕಾಯನ್ನೂ ಐದು ಹೋಳು ಮಾಡಿದಳು. ಜೋರಾಗಿ ಕುಟ್ಟಿದರೆ ಒಳಗಿನ ಬೀಜ ಸಾಯುತ್ತದೆ. ಹೊಸ ಕಾಯಿ ಮೊಳೆಯುವುದಿಲ್ಲ, ಬಿಸಿಲಲ್ಲಿ ಎರಡು ಮೂರು ತಿಂಗಳು ಬಿದ್ದಿರಬೇಕು ಎಂದಳು. ನೀಲಿ ಹೂವಿನ ವಿಷ್ಣುಕ್ರಾಂತಿಯ ಬೀಜವನ್ನೂ ಹಳೇ ಸೀರೆ ಹಾಸಿ ಕೊಡವಿ ಸ್ವಲ್ಪ ತಂದಿಟ್ಟಿದ್ದಳು.

ಮೇ ಕೊನೆಯಲ್ಲಿ ಬಿತ್ತನೆ. ಕುರಿಗೊಬ್ಬರಕ್ಕೆ ಜರಡಿ ಹಿಡಿದ ಮಣ್ಣು ಬೆರೆಸಿ, ಇಳಿಜಾರಿಗೆ ಅಡ್ಡಲಾಗಿ ಹಿಮ್ಮಡಿಯಿಂದ ಒಂದೊಂದು ಗುಳಿ ತುಳಿಯುತ್ತ, ಗುಳಿಗೆ ಒಂದು ಹಿಡಿ ಗೊಬ್ಬರ, ನಾಲ್ಕು ಹೋಳು ಬೀಜ, ಮೇಲೆ ಬೆರಳುಗಣ್ಣಿನಷ್ಟು ಮಣ್ಣು. ಮೇಲೆ ಬಿದ್ದಿದ್ದರೆ ಹುಟ್ಟುವುದಿಲ್ಲ, ಆಳಕ್ಕೆ ಹೋದರೂ ಇಲ್ಲ. ಉಳಿದ ಹೆಂಗಸರು ಗುಡ್ಡೆಯ ಬೇರೆ ಕಡೆ ಬಿತ್ತಿದರು. ಕುಸಿದ ಪಕ್ಕವನ್ನು ಮಾತ್ರ ಅವಳು ಯಾರಿಗೂ ಬಿಡಲಿಲ್ಲ. ಅಲ್ಲಿ ಒಬ್ಬಳೇ, ಚಪ್ಪಲಿ ಬಿಟ್ಟು ಬಿತ್ತಿದಳು.

"ಅಲ್ಯಾಕವ್ವ ಅಷ್ಟು ದಟ್ಟವಾಗಿ?" ಎಂದು ನಾನು ಕೇಳಿದ್ದೆ.

"ಮಣ್ಣು ಓಡಬಾರ್ದು ವಾದ್ಯಾರೇ. ಇನ್ನೊಂದ್ಸಲ ಕುಸಿದ್ರೆ ಕಾರ್ತಿಕಾ ಅಪ್ಪ ಎಲ್ಲಿಗೋ ಕೊಚ್ಕೊಂಡು ಓಗ್ಬುಡ್ತಾರೆ. ಆಮೇಲೆ ತೋಡೋರಿಗೆ ಎಲ್ಲಿ ಅಂತ ತೋರ್ಸೋದು?"

ಜೂನಿನ ಮಳೆ ಬಿದ್ದ ಆರನೇ ದಿನ ಮೊಳಕೆ ಕಂಡವು. ಜುಲೈ ಮುಗಿಯುವಷ್ಟರಲ್ಲಿ ಕುಸಿದ ಪಕ್ಕ ಹಳದಿಯಾಗಿತ್ತು. ಬೆಳಗ್ಗೆ ಹೂವೆಲ್ಲ ಸೂರ್ಯನ ಕಡೆ ಮುಖ ಮಾಡಿ ಅರಳಿ, ಮಧ್ಯಾಹ್ನಕ್ಕೆ ಎಸಳು ಉದುರಿಸುತ್ತಿದ್ದವು. ಜನವರಿಗೆ ಎಲ್ಲ ಒಣಗಿ ಕಂದು ಬಣ್ಣದ ಬಲೆಯಂತೆ ಗುಡ್ಡೆಗೆ ಅಂಟಿಕೊಂಡಿತು. ಮುಂದಿನ ವರ್ಷ ಯಾರೂ ಬಿತ್ತಬೇಕಾಗಲಿಲ್ಲ. ಉದುರಿ ಮಣ್ಣಲ್ಲಿ ಹುದುಗಿದ ಬೀಜಗಳೇ ಮೊದಲ ಮಳೆಗೆ ಎದ್ದು, ಹಿಂದಿನದಕ್ಕಿಂತ ಎರಡು ಪಟ್ಟು ಹಬ್ಬಿದವು. ಧೂಳು ನಿಂತಿತು. ಮಳೆಗೆ ಒಂದು ಬೊಗಸೆ ಮಣ್ಣೂ ಜಾರಲಿಲ್ಲ.

೨೦೨೪ರ ಆಗಸ್ಟಿನಲ್ಲಿ ಕಲೆಕ್ಟರ್ ಕಚೇರಿಯವರು ತಪಾಸಣೆಗೆ ಬಂದರು. ಗುಡ್ಡೆ ಸುತ್ತಿದರು, ಡ್ರೋನ್ ಹಾರಿಸಿ ಫೋಟೋ ತೆಗೆದರು. ಒಬ್ಬ ಹೆಂಗಸು ಅಧಿಕಾರಿ, ಇದನ್ನೆಲ್ಲ ಬೆಳೆಸಿದ್ದು ಯಾರೆಂದು ತಮಿಳಿನಲ್ಲಿ ಕೇಳಿದಳು. ರಘುನಾಥ ಮಾರಕ್ಕನನ್ನು ತೋರಿಸಿದ. ಆ ಅಧಿಕಾರಿ ಅವಳ ಕೈ ಹಿಡಿದುಕೊಂಡು "ರೊಂಬ ನಲ್ಲಾ ಪಣ್ಣಿಯಿರುಕ್ಕೀಂಗಮ್ಮಾ" ಎಂದಳು. ತುಂಬ ಚೆನ್ನಾಗಿ ಮಾಡಿದ್ದೀರಿ ಎಂದು. ಮಾರಕ್ಕ ಅದೇ ಗಳಿಗೆ ನೋಡಿ ತನ್ನ ಅರ್ಜಿಯ ವಿಷಯ ಹೇಳಿದಳು. ನೋಡುತ್ತೇವೆ ಎಂದಳು ಆಕೆ. ಆವತ್ತು ಸಂಜೆ ಮಾರಕ್ಕ ನನ್ನ ಮನೆಗೆ ಬಂದು ಅದನ್ನು ಹೇಳಿದಾಗ, ಮೂರು ವರ್ಷದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಸ್ವಲ್ಪ ಜೀವವಿತ್ತು. ನನಗೂ ನಂಬಿಕೆ ಹುಟ್ಟಿತು.

ಅಕ್ಟೋಬರಿನಲ್ಲಿ ಉತ್ತರ ಬಂತು. ಕಾರ್ತಿಕಾ ಆಗ ಧರ್ಮಪುರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಬಸ್ಸಿನಿಂದ ಇಳಿದು ಬಂದವಳು, ಅಂಗಳದಲ್ಲೇ ನಿಂತು ಲಕೋಟೆ ಹರಿದಳು. ನಾನೂ ಅಲ್ಲಿದ್ದೆ. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು.

"ಏನಂತೆ?" ಎಂದಳು ಮಾರಕ್ಕ.

"ಇನಿಮೇ ತೋಂಡ ಮಾಟ್ಟಾಂಗಳಾಂ" ಎಂದು ಹುಡುಗಿ ಹೇಳಿದಳು. ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲೇ ಮತ್ತೆ ಹೇಳಿದಳು: "ಇನ್ಮೇಲೆ ತೋಡಲ್ವಂತೆ ಅಮ್ಮಾ."

ಕಾಗದವನ್ನು ನಾನು ಇಸಿದುಕೊಂಡು ಓದಿದೆ. ಸದರಿ ಗುಡ್ಡೆಯ ಮೇಲೆ ಸಸ್ಯ ಚೆನ್ನಾಗಿ ಹಬ್ಬಿ ಮಣ್ಣು ಭದ್ರವಾಗಿದೆ. ತೋಡಿದರೆ ಮತ್ತೆ ಸಡಿಲಗೊಂಡು ಅಪಾಯವಾದೀತು. ಆದ್ದರಿಂದ ಕೋರಿಕೆಯನ್ನು ಪರಿಗಣಿಸಲಾಗದು, ಕಡತ ಮುಗಿಸಲಾಗಿದೆ. ಜೊತೆಗೆ ಒಂದು ಫೋಟೋ ಲಗತ್ತಿಸಿದ್ದರು. ಹಳದಿ ಹೂವಿನ ಇಳಿಜಾರಿನಲ್ಲಿ ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅದು ಮಾರಕ್ಕನೇ.

ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. "ನಾನೇ ಮುಚ್ಚಿದ್ನಾ ವಾದ್ಯಾರೇ?" ಎಂದು ಕೇಳಿದಳು. ನಾನು ಕಾಗದವನ್ನು ಮಡಚಿ ಲಕೋಟೆಗೆ ಹಾಕಿದೆ.

ಮರುದಿನ ಬೆಳಗ್ಗೆ ಅವಳು ಗುಡ್ಡೆ ಹತ್ತಿ ನೆಗ್ಗಿಲು ಕೀಳಲು ಶುರುಮಾಡಿದಳು. ಬರಿಗೈಯಲ್ಲಿ. ಆಳಕ್ಕೆ ಇಳಿದ ಬೇರು ಸುಲಭಕ್ಕೆ ಬರುವುದಿಲ್ಲ, ಬಳ್ಳಿ ಮಾತ್ರ ಹರಿದು ಬರುತ್ತದೆ. ಕಾಯಿ ಬಲಿತಿದ್ದ ಕಾಲ. ಎಳೆದಷ್ಟೂ ಮುಳ್ಳುಕಾಯಿ ಅಂಗೈಗೆ ಚುಚ್ಚಿ, ನೆಲಕ್ಕೂ ಉದುರುತ್ತಿತ್ತು. ರಘುನಾಥ ಓಡಿಬಂದ.

"ಅಕ್ಕಾ, ಬಿಡಿ ಅಕ್ಕಾ. ಕಿತ್ತಷ್ಟೂ ಬೀಜ ಬೀಳ್ತದೆ, ನೀವೇ ಹೇಳಿದ್ದು."

"ಗೊತ್ತು" ಎಂದಳಂತೆ. ಕೀಳುವುದನ್ನು ನಿಲ್ಲಿಸಲಿಲ್ಲ.

ನಾಲ್ಕು ದಿನ ಕಿತ್ತಳು. ಐದನೇ ದಿನ ಗೇಟಿನ ಕಾವಲುಗಾರರು ಒಳಗೆ ಬಿಡಲಿಲ್ಲ, ಕೆಲಸದಿಂದ ತೆಗೆದರು. ಕಾರ್ತಿಕಾ ಅಮ್ಮನ ಅಂಗೈ ಬಿಸಿನೀರಿನಲ್ಲಿ ಅದ್ದಿಸಿ, ಕಾಲೇಜಿನಿಂದ ತಂದ ಚಿಮಟದಲ್ಲಿ ಎರಡು ದಿನ ಮುಳ್ಳು ತೆಗೆದಳು. ಒಂದು ಬೆರಳು ಕೀವಾಗಿ, ಅದು ಈಗಲೂ ಪೂರ್ತಿ ಮಡಚುವುದಿಲ್ಲ. ಅವಳು ಕಿತ್ತ ಜಾಗ, ಉಳಿದ ಬೇರು ಚಿಗುರಿ, ನವೆಂಬರಿನ ಮಳೆಗೆ ಮತ್ತೆ ಹಸಿರಾಗತೊಡಗಿತು.

ಮಗ ಹೋಗಿ ಮೂರು ವರ್ಷ ತುಂಬಿದ ದಿನ ಮುತ್ಯಾಲಮ್ಮ ತಾನಾಗಿಯೇ ಸೊಸೆಯನ್ನು ಕರೆದಳು.

"ಬಾ ಮಾರಿ. ಆಲು ತುಪ್ಪ ಬಿಟ್ಟು ಬರಾನ."

"ಎಲುಬು ಸಿಕ್ಕಿಲ್ವಲ್ಲ ಅತ್ತೆ."

"ಇನ್ ಸಿಕ್ಕಕಿಲ್ಲ ಕಣೆ. ನಾನು ಸತ್ರೆ ಬಿಡೋಕೂ ಯಾರಿರಕಿಲ್ಲ."

ಗೇಟು ತೆರೆಯಲಿಲ್ಲ. ಬೇಲಿಯ ಹೊರಗೇ, ಗುಡ್ಡೆ ಕಾಣುವ ಕಡೆ ಒಂದು ಕಲ್ಲು ನೆಟ್ಟು, ಹಾಲು ತುಪ್ಪ ಬಿಟ್ಟರು. ನಾನೂ, ಊರಿನ ಏಳೆಂಟು ಜನರೂ ಇದ್ದೆವು. ತಾಳಿ ತೆಗೆಯಲು ವಿಧವೆಯರು ಮುಂದೆ ಬಂದಾಗ ಮಾರಕ್ಕ ಕೈ ಅಡ್ಡ ಹಿಡಿದಳು. ತಾನೇ ತಲೆಯ ಮೇಲಿಂದ ದಾರ ತೆಗೆದು ಅತ್ತೆಯ ಸೆರಗಿಗೆ ಹಾಕಿದಳು. ಮುದುಕಿ ಅದನ್ನು ಗಂಟು ಕಟ್ಟಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವಳನ್ನು ಎತ್ತಿ ಮನೆಗೆ ತರಬೇಕಾಯಿತು.

ಈಗ ಮಾರಕ್ಕ ಬಸ್ಸು ಹಿಡಿದು ಧರ್ಮಪುರಿಗೆ ಹೋಗಿ, ಒಂದು ಹುಣಸೆ ಮಂಡಿಯಲ್ಲಿ ಹಣ್ಣು ಬಡಿದು ಬೀಜ ಬಿಡಿಸುತ್ತಾಳೆ. ಬೆರಳು ಮಡಚದಿರುವುದರಿಂದ ಬೇರೆಯವರಷ್ಟು ಚುರುಕಿಲ್ಲ. ಕಾಗದದಲ್ಲಿ ಅವಳ ಗಂಡ ಇನ್ನೂ ಕಾಣೆಯಾದವನೇ. ಆಗಾಗ ನಾನು ಹೊಸ ಅರ್ಜಿ ಬರೆಯಲೇ ಎಂದು ಕೇಳುತ್ತೇನೆ. ಬೇಡವೆನ್ನುತ್ತಾಳೆ.

ಹೋದ ಬೇಸಗೆಯಲ್ಲಿ ಒಂದು ಭಾನುವಾರ ನಾನು ಮಾರಕ್ಕನ ಮನೆಯಲ್ಲಿದ್ದಾಗ ರಘುನಾಥ ಬಂದ. ಸೇಲಂ ಕಡೆ ಇನ್ನೊಂದು ಗುಡ್ಡೆಗೆ ಹೀಗೆಯೇ ಹಸಿರು ಮಾಡಬೇಕಿತ್ತು. ಅಂಗಳದಲ್ಲಿ ನಿಂತು, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿಕೊಂಡೇ ಮಾತಾಡಿದ.

"ನೀವು ಬರೋದ್ ಬೇಡ ಅಕ್ಕಾ. ಬೀಜ ಕೂಡಿಸಿ ಕೊಟ್ರೆ ಸಾಕು."

ಮಾರಕ್ಕ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಆ ಗುಡ್ಡೆ ಕೆಳ್ಗೆ ಯಾರಾದ್ರೂ ಅವ್ರಾ?"

ರಘುನಾಥನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ನಾನರಿಯೆ. ಮುತ್ಯಾಲಮ್ಮ ಒಳಗಿನಿಂದ ಒಂದು ಚೊಂಬು ನೀರು ತಂದುಕೊಟ್ಟಳು. ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೋದ.