ಲಿಬ್ಬಾ ಲಿಬ್ಬಾ ಲೀ ನಾನು ಬರೆದದ್ದಲ್ಲ

ಆ ಸಿನಿಮಾ ಹಾಡಿನ 'ಲಿಬ್ಬಾ ಲಿಬ್ಬಾ ಲೀ' ನಾನು ಬರೆದದ್ದಲ್ಲ, ಮುಮ್ತಾಜ್ ಭಾಭಿ. ಅದನ್ನು ನಿಮ್ಮ ಬಾಯಿಂದ ಕದ್ದೆ. ನಮ್ಮ ಹಳಿಯಾಳದವರು ದೊಡ್ಡ ಕವಿಯೆಂದು ನನಗೆ ಶಾಲು ಹೊದಿಸಿದರು, ನಾನು ಹೊದ್ದುಕೊಂಡೆ. ಐದು ವರ್ಷ ಮುಚ್ಚಿಟ್ಟೆ. ಇನ್ನು ಆಗುವುದಿಲ್ಲ.

ಲಕ್ವಾ ಹೊಡೆದ ಮೇಲೆ ನಿಮ್ಮ ಮಾತೆಲ್ಲ ಹೋಗಿ ಉಳಿದದ್ದು ಆ ಮೂರು ಶಬ್ದ. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ — ರಾಗ ಮಾತ್ರ ಬೇರೆ. ದಾಂಡೇಲಿಯ ನಿಮ್ಮ ಮನೆಗೆ ಹತ್ತಿದ ಗ್ಯಾರೇಜಿನಲ್ಲಿ, ಜೀಪಿನ ಕೆಳಗೆ ಮಲಗಿದ್ದ ನಿಮ್ಮ ಗಂಡ ಇಸ್ಮಾಯಿಲ್ ಒಳಗಿಂದ ಬಂದ ನಿಮ್ಮ ರಾಗ ಕೇಳಿಯೇ, "ಚಾ ಆರಾಕತ್ತೈತಂತ, ಬಾರೋ" ಎಂದು ನನ್ನನ್ನು ಎಬ್ಬಿಸಿಕೊಂಡು ಒಳಗೆ ಬರುತ್ತಿದ್ದ. ನನಗೆ ಬೆರಗು. ಬರೀ ಬೆರಗಾಗಿಯೇ ಉಳಿದಿದ್ದರೆ —

ಸಂಗೀತ ನಿರ್ದೇಶಕರು ರಾಗ ಗುನುಗಿ ಫೋನಿಗೆ ಕಳಿಸುತ್ತಾರೆ. ಅದರ ಅಳತೆಗೆ ನಾವು ಶಬ್ದ ತುಂಬುತ್ತೇವೆ. ಪಲ್ಲವಿಯ ಕೊನೆಗೆ ಅರ್ಥವಿಲ್ಲದ್ದೇ ಬೇಕು, ಕೇಳಿದೊಡನೆ ಬಾಯಿಗೆ ಹತ್ತಬೇಕು ಎಂದರು. ನಾಲ್ಕು ದಿನ ತಿಣುಕಿದೆ. ಐದನೆಯ ದಿನ ನಿಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ಅಂಗಿ ಜೇಬಿನಲ್ಲಿದ್ದ ಮೊಬೈಲಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ ಕಳಿಸಿಬಿಟ್ಟೆ. ನೀವಾಗ ಅದೇ ಮೂರು ಶಬ್ದದಲ್ಲಿ ನನಗೇ ಇನ್ನೊಂದು ಬಿಸ್ಕೀಟು ತಗೊ ಎನ್ನುತ್ತಿದ್ದಿರಿ. ಉಂಡ ಮನೆಗೆ ಎರಡು ಬಗೆದೆ.

ಆಮೇಲೆ ಹಾಡನ್ನು ತೆರೆಯ ಮೇಲೆ ನೋಡಿದೆ. ಗಾಯಕಿ ನಿಮ್ಮ ತೊದಲನ್ನೂ ಬಿಟ್ಟಿರಲಿಲ್ಲ! ನಾಯಕಿ ಬಾಯಿ ಸೊಟ್ಟ ಮಾಡಿ ಕುಣಿಯುತ್ತಿದ್ದಳು! ಹಾಗೆ ಮಾಡಿಸಿದ್ದು ನಾನಲ್ಲ — ಇಲ್ಲ, ಈ ಮಾತು ಬೇಡ. ದನಿ ಕಳಿಸಿದವನು ನಾನೇ. ಮದುವೆಗಳಲ್ಲಿ, ಟೆಂಪೋಗಳಲ್ಲಿ, ರೀಲ್ಸಿನಲ್ಲಿ ಅದೇ ಹಾಡು. ನಿಮ್ಮ ಓಣಿಯ ಮಕ್ಕಳೂ ನಿಮ್ಮ ಮುಂದೆಯೇ ಬಾಯಿ ಸೊಟ್ಟ ಮಾಡಿ ಹಾಡಿದರಂತೆ.

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಇಸ್ಮಾಯಿಲ್ ನನ್ನ ಕೈ ಹಿಡಿದು ಕೇಳಿದ:

"ಬಸು, ಖರೇ ಹೇಳು. ಅದು ನಮ್ಮಾಕೀದು ಅಲ್ಲೇನು?"

"ಹುಚ್ಚದೀಯೇನು? ಸಿನಿಮಾದಾಗ ಅಂಥಾವು ಸಾವಿರ ಇರ್ತಾವ," ಅಂದೆ.

ಅವನು ನಂಬಿದ. ನಂಬಿ, ಹೋಗಿ ಹೋಗಿ ನನ್ನ ಮುಂದೆಯೇ ಅತ್ತ. "ಆಕಿ ಈಗ ಬಾಯೇ ಬಿಡವಲ್ಲಳು. ನೀರ ಬೇಕಾದ್ರ ಗಿಲಾಸ ಬಡೀತಾಳ. ನಾ ಗಾಡಿ ಕೆಳಗ ಇದ್ರ ಕೇಳಸೂದ ಇಲ್ಲೋ."

ಜಗತ್ತಿಗೆ ಅರ್ಥವಿಲ್ಲದ ಆ ಮೂರು ಶಬ್ದಗಳಲ್ಲಿ ನೀವು ಸಂಸಾರ ಮಾಡಿದ್ದಿರಿ. ಆಗಲೂ ನಾನು ನಿಜ ಹೇಳಲಿಲ್ಲ. ಅವನಿಗೆ ಚಹಾ ಕುಡಿಸಿ ಬಸ್ ಹತ್ತಿಸಿದೆ! ಇದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಬಗ್ಗೆಯೇ ದಿಗಿಲಾಗುತ್ತದೆ — ಎಂಥ ಮನುಷ್ಯ ನಾನು?

ನಾಳೆ ದಾಂಡೇಲಿಗೆ ಬರುತ್ತೇನೆ. ಇಸ್ಮಾಯಿಲನ ಎದುರಿಗೇ ಇದನ್ನು ನಿಮಗೆ ಓದಿ ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಬೈದುಬಿಡಿ ಎನ್ನೋಣವೆಂದರೆ, ಭಾಭಿ — ಬೈಯಲು ನಿಮ್ಮಲ್ಲಿದ್ದ ಆ ಮೂರು ಶಬ್ದಗಳನ್ನೂ ನಾನು ಉಳಿಸಿಲ್ಲ.